ಎರಡು ಲಾರಿಗಳ ನಡುವಿನ ಜಾಗ

ನನ್ನ ಕಾಯಿಲೆಗೆ ಬೈಕೇ ಕಾರಣ ಎಂದು ನಂಬುವವರು ನಮ್ಮೂರಲ್ಲಿ ಇನ್ನೂ ಇದ್ದಾರೆ. ಅವರ ಜೊತೆ ವಾದ ಮಾಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಇದನ್ನು ಅವರಿಗಾಗಿ ಬರೆಯುತ್ತಿಲ್ಲ. ನಡೆಯುತ್ತ ನಡೆಯುತ್ತ ಚಪ್ಪಲಿ ಕಾಲಿನಿಂದ ಕಳಚಿ ಬಿದ್ದರೂ ಗೊತ್ತಾಗದೆ, ಹಿಂದಿನಿಂದ ಯಾರೋ ಕೂಗಿ ಹೇಳಿದ ಮೇಲೆ ಬರಿಗಾಲನ್ನು ನೋಡಿಕೊಂಡವರು ಯಾರಾದರೂ ಇದ್ದರೆ, ಅವರಿಗಾಗಿ. ನನಗೂ ಹಾಗೇ ಶುರುವಾಗಿದ್ದು. ಆಗ ನನಗಿನ್ನೂ ಮೂವತ್ತು ತುಂಬಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಮನೆ ಅಂಕೋಲಾ ತಾಲೂಕಿನ ಅವರ್ಸಾದಲ್ಲಿ. ನಾನು ಕಾರವಾರದ ಒಂದು ಟೈಪಿಂಗ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ಗಂಡ ಗಣಪತಿ ಕದ್ರಾದಲ್ಲಿ ಆಗಿನ್ನೂ ಕಟ್ಟುತ್ತಿದ್ದ ವಿದ್ಯುತ್ ಕೇಂದ್ರದಲ್ಲಿ ಎಲೆಕ್ಟ್ರಿಷಿಯನ್. ಅಲ್ಲೇ ಕ್ವಾರ್ಟರ್ಸಿನಲ್ಲಿದ್ದು ಶನಿವಾರ ಮನೆಗೆ ಬರುತ್ತಿದ್ದರು. ಅವರ ಬೈಕು ವಾರವಿಡೀ ಅಂಗಳದಲ್ಲಿ ಗೋಣಿತಾಟು ಹೊದ್ದುಕೊಂಡು ನಿಂತಿರುತ್ತಿತ್ತು. ನಾನು ಮಾತ್ರ ಬಸ್ಸಿನ ಬಾಗಿಲಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ಕಾರವಾರ ಮುಟ್ಟುವ ಹೊತ್ತಿಗೆ ಬೆಳಗಿನ ಬ್ಯಾಚಿನವರು ಬೀಗ ಹಾಕಿದ ಬಾಗಿಲ ಮುಂದೆ ನಿಂತು ಸುಸ್ತಾಗಿರುತ್ತಿದ್ದರು. ಒಂದು ಭಾನುವಾರ ಗಂಡನಿಗೆ ಹೇಳಿದೆ, "ನಂಗೆ ಬೈಕ್ ಕಲಿಸಿ." ಅವರು ನಕ್ಕರು. ನಾನು ನಗಲಿಲ್ಲ. ಸಮುದ್ರ ಇಳಿದಾಗ ಗಟ್ಟಿಯಾಗುವ ಮರಳಿನ ಮೇಲೆ ಕಲಿತೆ. ಬಿದ್ದೆ, ಸೈಲೆನ್ಸರಿಗೆ ಕಾಲು ಸುಟ್ಟುಕೊಂಡೆ, ಮತ್ತೆ ಹತ್ತಿದೆ. ಮಳೆಗಾಲ ಶುರುವಾಗುವ ಮೊದಲೇ ಚೂಡಿದಾರ ಹಾಕಿಕೊಂಡು ಹೆದ್ದಾರಿಗೆ ಇಳಿದಿದ್ದೆ.

ಆ ವರ್ಷಗಳಲ್ಲಿ ನಮ್ಮ ಹೆದ್ದಾರಿಯಲ್ಲಿ ಲಾರಿಗಳೇ ಲಾರಿಗಳು. ರೈಲು ಹಳಿಯ ಕೆಲಸಕ್ಕೆ ಜಲ್ಲಿ, ನೌಕಾನೆಲೆಯ ಕೆಲಸಕ್ಕೆ ಬಂಡೆಕಲ್ಲು, ಕೈಗಾಕ್ಕೆ ಯಾವ್ಯಾವುದೋ ಯಂತ್ರ. ತೋಡೂರು ದಾಟಿ ಬಿಣಗಾ ಘಾಟಿಯ ಬುಡಕ್ಕೆ ಬಂದರೆ ಸಾಕು, ಮೇಲೆ ತಿರುವಿನಲ್ಲಿ ಒಂದು ಲಾರಿಯ ಆಕ್ಸೆಲ್ ತುಂಡಾಗಿರುತ್ತಿತ್ತು. ಹತ್ತುವ ಸಾಲೂ ಇಳಿಯುವ ಸಾಲೂ ಎರಡೂ ಬಂದ್. ಕ್ಲೀನರುಗಳು ಇಳಿದು ಬೀಡಿ ಹಚ್ಚುತ್ತಿದ್ದರು. ಆ ಎರಡು ಸಾಲುಗಳ ನಡುವೆ ಒಂದು ಸಂದು ಇರುತ್ತಿತ್ತು. ಒಂದು ಬೈಕು ಹಿಡಿಯುವಷ್ಟು ಜಾಗ, ಹ್ಯಾಂಡಲ್ಲಿನ ಎರಡು ಪಕ್ಕ ಅಂಗೈ ಅಗಲ. ನಾನು ಆ ಸಂದಿನಲ್ಲಿ ಹೋಗುತ್ತಿದ್ದೆ. ಫಸ್ಟ್ ಗೇರಿನಲ್ಲಿ, ಎರಡೂ ಕಾಲು ನೆಲಕ್ಕೆ ತಾಗುವ ಹಾಗೆ, ನಡೆಯುವವರಿಗಿಂತ ಜೋರಿಲ್ಲ. ಎರಡೂ ಸಾಲು ನಿಂತಿದ್ದರೆ ಮಾತ್ರ. ಲಾರಿಯೊಂದು ಬ್ರೇಕ್ ಬಿಟ್ಟು 'ಸುಸ್' ಅಂದರೆ ಅಲ್ಲೇ ಪಕ್ಕಕ್ಕೆ ಸೇರಿ ನಿಲ್ಲುತ್ತಿದ್ದೆ. ಮೇಲಿನಿಂದ ಡ್ರೈವರುಗಳು ಬೈಯುತ್ತಿದ್ದರು. ಗಂಡಸರ ಬೈಕಿಗೆ ಒಂದು ಬೈಗುಳವಾದರೆ ನನಗೆ ಎರಡು.

ಮನೆಯಲ್ಲಿ ಇದನ್ನು ಒಪ್ಪದವರು ಮಾವ. ಅವರೂ ಲಾರಿ ಡ್ರೈವರೇ. ಅದಿರಿನ ಲಾರಿ ಓಡಿಸಿ, ಕಣ್ಣು ಮಂಜಾದ ಮೇಲೆ ಸ್ಟೀರಿಂಗ್ ಬಿಟ್ಟವರು. ನಾನು ಬೈಕು ಓಡಿಸುವುದರ ಬಗ್ಗೆ ಅವರದ್ದೇನೂ ತಕರಾರಿರಲಿಲ್ಲ. ತಕರಾರು ಆ ಸಂದಿನ ಬಗ್ಗೆ.

"ನಿಂಗೆ ಲಾರಿ ಕಾಣ್ತದೆ. ಲಾರಿಯವನಿಗೆ ನೀ ಕಾಣೂದಿಲ್ಲ," ಎನ್ನುತ್ತಿದ್ದರು. "ಕನ್ನಡಿಯಲ್ಲಿ ಬರೀ ಹಿಂದಿನ ಗಾಡಿ ಮೂತಿ ಕಾಣ್ತದೆ, ಮಗಾ."

"ನಿಂತ ಲಾರಿ ನನಗೆಂತ ಮಾಡ್ತದೆ ಮಾವ?"

"ನಿಂತ ಲಾರಿ ಹಂದೂದಕ್ಕೆ ನಿನ್ನ ಕೇಳ್ತದ್ಯಾ?"

"ಅದು ಅಲುಗೂದು, ಹಂದೂದು ನಂಗೆ ಕೇಳ್ತದೆ. ಕಿವಿ ಇದೆ."

ಮಾವ ತಲೆ ಕೊಡವಿ ಎಲೆ-ಅಡಿಕೆಯ ಚಂಚಿ ಬಿಚ್ಚುತ್ತಿದ್ದರು. ವಾದ ನಾಳೆಗೆ ಉಳಿಯುತ್ತಿತ್ತು.

ಮಳೆ ಕಡಿಮೆಯಾದ ಹೊತ್ತಿಗೆ ನನಗೆ ಹೊಟ್ಟೆ ಕೆಟ್ಟು ಕೆಲವು ದಿನ ಭೇದಿಯಾಯಿತು. ಅದು ವಾಸಿಯಾಗಿ ಮರೆತೂ ಹೋಗಿತ್ತು. ಆಮೇಲೆ ಕಾಲಿನ ಬೆರಳುಗಳಲ್ಲಿ ಜೋಮು. ಚಪ್ಪಲಿ ಕಳಚಿದ್ದು ಆಗಲೇ. ಮಾರನೆಯ ದಿನ ಬೈಕಿನ ಕಿಕ್ ಒದೆಯಲು ಹೋದರೆ ಕಾಲು ಇಳಿಯಿತು, ಆದರೆ ಅದರಲ್ಲಿ ಬಲವೇ ಇರಲಿಲ್ಲ. ಬಸ್ಸಿನಲ್ಲಿ ಹೋದೆ. ಕ್ಲಾಸಿನಲ್ಲಿ ಹುಡುಗಿಯೊಬ್ಬಳಿಗೆ ತೋರಿಸಲು ಮಷಿನ್ನಿನ ಮೇಲೆ ಕೈ ಇಟ್ಟೆ. ಕಿರುಬೆರಳು ಅಕ್ಷರದ ಮೇಲೆ ಕೂತಿತೇ ಹೊರತು ಒತ್ತಲಿಲ್ಲ. ಅವಳು, "ಮೇಡಂ, ಅಚ್ಚು ಬೀಳ್ಲಿಲ್ಲ," ಎಂದಳು. ನಾನು ರಿಬ್ಬನ್ ಹಳೆಯದಾಗಿದೆ ಎಂದೆ.

ಅಂಕೋಲೆಯ ಡಾಕ್ಟರು ರಕ್ತ ಕಡಿಮೆ ಎಂದು ಚುಚ್ಚುಮದ್ದು ಕೊಟ್ಟರು. ಅವರ ದವಾಖಾನೆಯ ಬೆಂಚಿನಲ್ಲಿ ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸು ಕೂಡ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಆ ಬೈಕಿನವರಲ್ವ?" ಎಂದಳು. ಮನೆಗೆ ಬಂದರೆ ಮಾವನ ತಂಗಿ ಸೀತತ್ತೆ ಕಾಯುತ್ತಿದ್ದರು. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಯಲ್ಲೇ ಉಳಿದವರು, ನನಗೆ ಅತ್ತೆಯ ಜಾಗದಲ್ಲಿದ್ದವರು.

"ಆ ನಡುಗಾಟಕ್ಕೆ ನರ ಎಲ್ಲ ಸಡಿಲ ಆಗಿ ಹೋತು," ಎಂದರು. "ಹೆಂಗಸರ ಮೈ ಅದಕ್ಕೆ ಮಾಡಿದ್ದಲ್ಲ. ಕೇಳಿದ್ಯಾ ನೀನು?"

"ಹಾಗಾದ್ರೆ ಉಮೇಶನ ನರ ಎಂತಕ್ಕೆ ಸಡಿಲ ಆಗ್ಲಿಲ್ಲ?" ಎಂದೆ. ಉಮೇಶ ನನ್ನ ತಮ್ಮ. ಬೇಲೇಕೇರಿಯಿಂದ ದಿನವೂ ಬೈಕಿನ ಹಿಂದೆ ಮೀನಿನ ಬುಟ್ಟಿ ಕಟ್ಟಿಕೊಂಡು ಊರೂರು ತಿರುಗುವವನು.

"ಅಂವ ಗಂಡಸು."

ಸಿಟ್ಟಿಗೆ ಎದ್ದು ನಿಲ್ಲಲು ಹೋದೆ. ಏಳಲಾಗಲಿಲ್ಲ. ಸೀತತ್ತೆಯ ಕಣ್ಣೆದುರೇ ನಾನು ಮಂಚದ ಅಂಚಿನಿಂದ ನೆಲಕ್ಕೆ ಜಾರಿದೆ. ಇಬ್ಬರೂ ಆ ಮಾತನ್ನು ಅಲ್ಲಿಗೇ ಬಿಟ್ಟೆವು.

ಮರುದಿನ ಬೆಳಿಗ್ಗೆ ಚಹಾ ಕುಡಿಸಿದರೆ ಮೂಗಿನಿಂದ ಬಂತು. ಅದನ್ನು ನೋಡಿ ಮಾವ ಬಾಡಿಗೆ ಜೀಪು ತರಿಸಿದರು. ಹಿಂದಿನ ಸೀಟಿನಲ್ಲಿ ಸೀತತ್ತೆಯ ತೊಡೆಯ ಮೇಲೆ ನನ್ನ ತಲೆ. ಮಾವ ಮುಂದೆ. ಕಾರವಾರದಲ್ಲಿ ಔಷಧಿ-ಗಿವುಷಧಿಗೆ ಓಡಾಟ ಬೀಳುತ್ತದೆ ಎಂದು ಉಮೇಶ ತನ್ನ ಬೈಕಿನಲ್ಲಿ ಹಿಂದೆ ಬಂದ. ಕದ್ರಾಕ್ಕೆ ಫೋನ್ ಹೋಗಿತ್ತು. ಗಂಡ ಅಲ್ಲಿಂದ ನೇರ ಕಾರವಾರದ ಆಸ್ಪತ್ರೆಗೆ ಬರುವವರಿದ್ದರು.

ಘಾಟಿಯ ಬುಡದಲ್ಲಿ ಜೀಪು ನಿಂತಿತು.

ಮೊದಲು ನನಗೆ ಹೆದರಿಕೆಯಾಗಲಿಲ್ಲ. ದಿನಾ ನೋಡುವ ಜಾಗ. ಆದರೆ ಸ್ವಲ್ಪ ಹೊತ್ತಿಗೆ ಉಸಿರು ಎದೆಯ ಅರ್ಧಕ್ಕೇ ಬಂದು ಹಿಂದಕ್ಕೆ ಹೋಗತೊಡಗಿತು. ಒಂದು ಮಾತಿಗೆ ಎರಡು ಸಲ ಉಸಿರೆಳೆಯಬೇಕಾಗಿತ್ತು. "ಅತ್ತೆ" ಎಂದೆ. ಮುಂದಿನದ್ದು ಹೊರಡಲಿಲ್ಲ. ಜೀಪಿನವನು ಹಾರ್ನ್ ಒತ್ತಿದ್ದೇ ಒತ್ತಿದ್ದು. ಮುಂದೆ ಲಾರಿ, ಹಿಂದೆ ಲಾರಿ, ಪಕ್ಕದಲ್ಲಿ ಗುಡ್ಡ. ಹಿಂದಕ್ಕೆ ತಿರುಗುವುದಕ್ಕೂ ಜಾಗವಿಲ್ಲ. ಸೀತತ್ತೆ ನನ್ನ ಮುಖ ನೋಡಿ ಕೂಗಿದರು, "ಅಣ್ಣಾ, ಇದರ ತುಟಿ ನೀಲಿ ಆತು!"

ಉಮೇಶ ಜೀಪಿನ ಕಿಟಕಿಗೆ ಬಂದ. "ಮಾವ, ಬೈಕ್ ಮೇಲೆ ಹಾಕ್ವ. ನಡುವೆ ಹೋಗ್ತೆ ನಾನು."

ಮಾವ ನಿಂತ ಲಾರಿಗಳ ಕಡೆ ಒಮ್ಮೆ ನೋಡಿದರು. ಆಗ ಅವರ ತಲೆಯಲ್ಲಿ ಏನು ಓಡಿತು ಎಂದು ನಾನು ಆಮೇಲೆ ಯಾವತ್ತೂ ಕೇಳಲಿಲ್ಲ. ಇಳಿದರು. ಹೆಗಲ ಮೇಲಿನ ಪಂಚೆ ತೆಗೆದರು. ಉಮೇಶ ಬೈಕಿಗೆ ಕಟ್ಟಿದ್ದ ಬುಟ್ಟಿ ಬಿಚ್ಚಿ ಚರಂಡಿಗೆ ಎಸೆದ. ನನ್ನನ್ನು ಎತ್ತಿ ಅವನ ಬೆನ್ನಿಗೆ ಆನಿಸಿ, ಪಂಚೆಯಿಂದ ಇಬ್ಬರನ್ನೂ ಸೊಂಟಕ್ಕೆ ಸುತ್ತಿ ಮಾವ ಗಂಟು ಹಾಕಿದರು, ಲಾರಿಯ ಮೇಲಿನ ತಾಡಪತ್ರಿಗೆ ಹಾಕುವಂಥ ಗಂಟು. ನನ್ನ ತಲೆ ನಿಲ್ಲುತ್ತಿರಲಿಲ್ಲ. ಹಿಂದೆ ಯಾರಾದರೂ ಹಿಡಿಯಬೇಕಿತ್ತು.

ಸೀತತ್ತೆ ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿ, ಕಾಲು ಬೀಸಿ ನನ್ನ ಹಿಂದೆ ಕೂತುಬಿಟ್ಟರು. ಹುಟ್ಟಿದಂದಿನಿಂದ ಸೈಕಲ್ಲನ್ನೂ ಹತ್ತಿದವರಲ್ಲ. ಎರಡು ಅಂಗೈಯಲ್ಲಿ ನನ್ನ ತಲೆ ಹಿಡಿದು, "ನಡಿಯಾ ಉಮೇಶ," ಎಂದರು.

ಮಾವ ಬೈಕಿನ ಮುಂದೆ ನಡೆದರು. ನಡೆದರು ಅನ್ನುವುದು ಸರಿಯಲ್ಲ, ಓಡಿದರು. ಎಡಗೈಯಿಂದ ಈ ಕಡೆಯ ಲಾರಿಯ ಬಾಗಿಲು ಬಡಿದು, ಬಲಗೈಯಿಂದ ಆ ಕಡೆಯದನ್ನು ಬಡಿದು ಕೂಗುತ್ತಿದ್ದರು. "ಹಂದಬೇಡ! ಹ್ಯಾಂಡ್‌ಬ್ರೇಕ್ ಎಳಿ! ಮಗಳು ಬರ್ತಿದ್ದಾಳೆ, ಹಂದಬೇಡ!" ಒಬ್ಬ ಡ್ರೈವರ್ ಮೇಲಿನಿಂದ ಬೈಯಲು ಬಾಯಿ ತೆರೆದವನು ನನ್ನನ್ನು ನೋಡಿ ಇಳಿದೇ ಬಂದ, ಮುಂದೆ ಮುಂದೆ ಓಡಿ ತನ್ನ ಭಾಷೆಯಲ್ಲಿ ಉಳಿದವರಿಗೆ ಕೂಗಿದ. ಬಾಗಿಲಿಂದ ಬಾಗಿಲಿಗೆ ಸುದ್ದಿ ದಾಟಿತು. ಕ್ಲೀನರುಗಳು ಕನ್ನಡಿಗಳನ್ನು ಒಳಕ್ಕೆ ಮಡಚಿದರು. ನನ್ನ ಕೆನ್ನೆ ಉಮೇಶನ ಅಂಗಿಗೆ ಒತ್ತಿತ್ತು. ಮೀನಿನ ವಾಸನೆ, ಡೀಸೆಲ್ ವಾಸನೆ. ಪಕ್ಕದಲ್ಲಿ ಟೈರುಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು. ಉಸಿರು ಸಿಗುತ್ತಿರಲಿಲ್ಲ, ಆದರೂ ಒಂದು ಮಾತು ತಲೆಯಲ್ಲಿ ಸ್ಪಷ್ಟವಾಗಿತ್ತು: ಈ ಸಂದು ಇಲ್ಲದಿದ್ದರೆ ನಾನು ಆ ಜೀಪಿನಲ್ಲೇ ಸಾಯುತ್ತಿದ್ದೆ.

ಘಾಟಿಯ ತುದಿಯಲ್ಲಿ ರಸ್ತೆ ಖಾಲಿ ಸಿಕ್ಕಿತು. ಮಾವ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತು ಕೈ ಬೀಸಿದರು, ಹೋಗಿ ಎಂದು.

ಕಾರವಾರದಲ್ಲಿ ಆಮ್ಲಜನಕ ಹಾಕಿದರು. ಇಲ್ಲಿ ಉಸಿರಾಟದ ಯಂತ್ರ ಸಿಗುವುದಿಲ್ಲ ಎಂದು ಆಂಬುಲೆನ್ಸಿನಲ್ಲಿ ಗೋವಾದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಕಾಳಿ ಸೇತುವೆಯ ಮೇಲೆ ಹೋಗುವಾಗ ಪಕ್ಕದಲ್ಲಿ ಗಂಡ ಇದ್ದರು, ನನ್ನ ಕೈ ಹಿಡಿದಿದ್ದರು. ಹಿಡಿದಿದ್ದು ಕಾಣುತ್ತಿತ್ತು, ತಿಳಿಯುತ್ತಿರಲಿಲ್ಲ.

ಗೋವಾದ ಡಾಕ್ಟರು ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಿಸಿ ಕಾಯಿಲೆಗೆ ಒಂದು ಉದ್ದದ ಹೆಸರು ಹೇಳಿದರು. ಮೈಯ ಕಾವಲೇ ತಪ್ಪು ತಿಳಿದು ಮೈಯ ನರಗಳ ಮೇಲೆ ಬಿದ್ದಿದೆ, ಎಂದರು. ಹೆಚ್ಚಿನವರಿಗೆ ವಾಪಸು ಬರುತ್ತದೆ, ಆದರೆ ನಿಧಾನ. ಗಂಟಲಿಗೆ ರಂಧ್ರ ಮಾಡಿ ಕೊಳವೆ ಇಟ್ಟರು. ಯಂತ್ರ ನನ್ನ ಪರವಾಗಿ ಉಸಿರಾಡಿತು.

ಆ ವಾರಗಳ ಬಗ್ಗೆ ಒಂದೇ ಮಾತು ಹೇಳಬೇಕು, ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಕಣ್ಣರೆಪ್ಪೆ ಬಿಟ್ಟು ಕೈಕಾಲು, ಮುಖ, ನಾಲಗೆ ಯಾವುದೂ ಅಲುಗದಿದ್ದರೂ ಒಳಗೆ ನಾನು ಪೂರ್ತಿ ಇದ್ದೆ. ಎಲ್ಲ ಕೇಳುತ್ತಿತ್ತು. ಮೂಗಿನ ಮೇಲೆ ಕೂತ ನೊಣ ಗೊತ್ತಾಗುತ್ತಿತ್ತು. ನೋಡಲು ಬಂದವರು ನನ್ನ ತಲೆಯ ಮೇಲೇ ಮಾತಾಡಿಕೊಳ್ಳುತ್ತಿದ್ದರು, ಇದು ಇನ್ನು ಉಳಿಯುವ ಜೀವವಲ್ಲ ಎಂದು. ನಿಮ್ಮವರು ಯಾರಾದರೂ ಹಾಗೆ ಮಲಗಿದ್ದರೆ ದಯವಿಟ್ಟು ಅವರ ಜೊತೆ ಮಾತಾಡಿ, ಅವರ ಬಗ್ಗೆ ಮಾತಾಡಬೇಡಿ.

ಫಿಲೋಮಿನಾ ಎಂಬ ನರ್ಸ್ ಒಬ್ಬಳು ಇದನ್ನು ಅರಿತವಳು. ಬೆಳಿಗ್ಗೆ ಬಂದ ಕೂಡಲೇ ಹೊರಗೆ ಬಿಸಿಲೋ ಮೋಡವೋ ಹೇಳುತ್ತಿದ್ದಳು. ಸಿಕ್ಕು ಹಿಡಿದ ನನ್ನ ಕೂದಲನ್ನು ಎಣ್ಣೆ ಹಾಕಿ ಒಂದೊಂದೇ ಎಳೆ ಬಿಡಿಸಿ ಜಡೆ ಹೆಣೆದಳು. ಯಂತ್ರ ಬೀಪ್ ಅಂದಾಗಲೆಲ್ಲ ನನ್ನ ಕಣ್ಣಿನ ಮಟ್ಟಕ್ಕೆ ಬಗ್ಗಿ ಕೊಂಕಣಿಯಲ್ಲಿ "ಭಿಯೆನಾಕಾ ಬಾಯ್," ಹೆದರಬೇಡ ತಾಯಿ, ಎನ್ನುತ್ತಿದ್ದಳು. ಕಣ್ಣು ಮಿಟುಕಿಸುವುದನ್ನು ಕಲಿಸಿದ್ದೂ ಅವಳೇ. ಒಂದು ಸಲ ಅಂದರೆ ಹೌದು, ಎರಡು ಸಲ ಅಂದರೆ ಬೇಡ.

ಒಂದು ಮಧ್ಯಾಹ್ನ ಗಂಡ ಬಂದು ಸ್ಟೂಲಿನ ಮೇಲೆ ಕೂತರು. ಆಮೇಲೆ ಹೇಳಿದರು, "ಎಲ್ರೂ ಹೇಳ್ತಿದ್ರು ಸುಶೀಲಾ. ಬೈಕ್ ಕೊಟ್ಟುಬಿಡ್ತೆ. ಕಣ್ಣೆದುರು ಇರೂದೇ ಬೇಡ."

ಎರಡು ಸಲ ಮಿಟುಕಿಸಿದೆ.

"ಕೇಳು ಇಲ್ಲಿ. ಮನೆಯಲ್ಲಿ ಎಲ್ರೂ..."

ಮತ್ತೆ ಎರಡು ಸಲ. ಅವರು ಬಾಯಿ ತೆರೆದಾಗಲೆಲ್ಲ ಎರಡು ಸಲ. ಕೊನೆಗೆ ಫಿಲೋಮಿನಾ ಬಂದು, "ಏನಂತೆ, ಕಣ್ಣಿಗೆ ಏನಾದರೂ ಬಿತ್ತಾ?" ಎಂದಳು. ಗಂಡ ಅಳುತ್ತ ನಕ್ಕರು. "ಇಲ್ಲ ಸಿಸ್ಟರ್. ಜಗಳ ಮಾಡ್ತಿದ್ದಾಳೆ." ಆ ಸಂಜೆ ಅವರು ಡಾಕ್ಟರನ್ನು ನೇರ ಕೇಳಿಯೇಬಿಟ್ಟರು. ಬೈಕಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ, ಮೊದಲು ಆದ ಆ ಭೇದಿಯಿಂದ ಶುರುವಾಗಿರಬಹುದು ಎಂದರು ಡಾಕ್ಟರು.

ಮೊದಲು ಬಂದದ್ದು ಹೆಗಲು. ಆಮೇಲೆ ಉಸಿರು, ಆಮೇಲೆ ಮಾತು. ಬೆರಳುಗಳು ಕೊನೆಗೆ. ಮನೆಗೆ ಬಂದಾಗ ಜೀಪಿನಿಂದ ನನ್ನನ್ನು ಎತ್ತಿಕೊಂಡೇ ಇಳಿಸಿದರು. ಗಂಡ ಜಗಲಿಯ ಉದ್ದಕ್ಕೂ ಕತ್ತದ ಹಗ್ಗ ಬಿಗಿದರು, ಅದನ್ನು ಹಿಡಿದು ನಡೆಯಲು. ಕ್ಲಾಸಿನ ಯಜಮಾನರು ಹಳೆಯ ಟೈಪ್‌ರೈಟರ್ ಒಂದನ್ನು ಮನೆಗೆ ಕಳಿಸಿಕೊಟ್ಟರು. ದಿನವಿಡೀ ಕುಟ್ಟುತ್ತಿದ್ದೆ. ಸೀತತ್ತೆ ಕಾಲಿಗೆ ಎಣ್ಣೆ ತಿಕ್ಕುತ್ತ ಆಗಲೂ ನರದ ಮಾತೇ ಎತ್ತುತ್ತಿದ್ದರು. "ಹಾಗಾದ್ರೆ ಅವತ್ತು ನೀವು ಹತ್ತಿದ್ದೆಂತಕ್ಕೆ?" ಎಂದು ಕೇಳಿದರೆ, "ನೀ ಸಾಯೂದು ನೋಡ್ತಾ ಕೂರೂದಾ ಹಾಗಾದ್ರೆ?" ಎಂದು ಇನ್ನೂ ಜೋರಾಗಿ ತಿಕ್ಕುತ್ತಿದ್ದರು.

ನಾನು ಕೋಲೂರಿ ಅಂಗಳಕ್ಕೆ ಇಳಿಯತೊಡಗಿದ್ದ ದಿನಗಳಲ್ಲಿ ಘಾಟಿಯಲ್ಲಿ ಒಬ್ಬರು ಸತ್ತರು. ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ. ಬೈಕಿನಲ್ಲಿ ಎರಡು ಸಾಲುಗಳ ನಡುವೆ ಹೋಗುತ್ತಿದ್ದಾಗ ಸಾಲು ಹೊರಟಿತು. ಅವರು ನಿಲ್ಲಿಸದೆ ಮುಂದೆ ನುಗ್ಗಿದರಂತೆ. ಆ ಹುಡುಗಿಯ ಮನೆಗೆ ಹೋಗಿ ಬಂದೆ. ಅವಳ ತಾಯಿ ನನ್ನ ಕೋಲು ನೋಡಿದಳು, ನಾನು ಅವಳ ಮುಖ ನೋಡಲಾರದೆ ಹೋದೆ. ಮಾವನ ಮಾತು ಸುಳ್ಳಲ್ಲ ಎಂದು ನನಗೆ ಮೊದಲೂ ಗೊತ್ತಿತ್ತು, ಆದರೆ ಗೊತ್ತಿರುವುದೇ ಬೇರೆ, ಕಣ್ಣಾರೆ ಕಾಣುವುದೇ ಬೇರೆ.

ಕಾರವಾರದಲ್ಲಿ ಅಧಿಕಾರಿಗಳು ಸಭೆ ಕರೆದರು. ಲಾರಿ ಸಾಲಿನ ನಡುವೆ ಹೋಗುವ ಬೈಕುಗಳನ್ನು ಹಿಡಿದು ನಿಲ್ಲಿಸಬೇಕು ಎಂಬ ಮಾತು. ಲಾರಿಯವರ ಪರವಾಗಿ ಮಾತಾಡಲು ಮಾವನನ್ನು ಕರೆದಿದ್ದರು. ನನ್ನನ್ನು ಯಾರೂ ಕರೆದಿರಲಿಲ್ಲ. ಮಾವನ ಜೊತೆ ಅದೇ ಬಸ್ಸಿನಲ್ಲಿ ಹೋದೆ.

ಮಾವ ಎದ್ದು ನಿಂತು ಚುಟುಕಾಗಿ ಹೇಳಿದರು. "ಸತ್ತವನ ಮನೆಗೆ ಎಲ್ರೂ ಹೋಗ್ತ್ರು. ಡ್ರೈವರ್ ಮನೆಗೆ ಯಾರೂ ಹೋಗೂದಿಲ್ಲ. ಅಂವ ಬೇಕಂತ ಮಾಡಿದ್ದಲ್ಲ, ಅವನಿಗೆ ಕಂಡೇ ಇಲ್ಲ. ಜನ್ಮ ಇಡೀ ಅವನಿಗೆ ನಿದ್ದೆ ಇಲ್ಲ. ಬಂದ್ ಮಾಡಿ." ಸಭೆ ಚಪ್ಪಾಳೆ ತಟ್ಟಿತು. ನನಗೂ ತಟ್ಟಬೇಕೆನಿಸಿತು.

ಆದರೂ ಕೋಲೂರಿ ಎದ್ದೆ. ಹಿಂದಿನ ಸಾಲಿನಿಂದ ಯಾರೋ, "ಬೈಕಿನಿಂದಲೇ ಕೈಕಾಲು ಹೋದವರು ಇವರು, ಕೇಳಿ," ಎಂದರು.

"ಬೈಕಿನಿಂದ ಹೋಗಿದ್ದಲ್ಲ. ಬೈಕಿನಿಂದ ಉಳಿದದ್ದು," ಎಂದೆ. ಗಂಟಲಿನ ಗಾಯ ಪೂರ್ತಿ ಮಾಯ್ದಿರಲಿಲ್ಲ, ದನಿ ಒಡೆಯುತ್ತಿತ್ತು. "ಹೊರಟ ಲಾರಿಗಳ ನಡುವೆ ನುಗ್ಗುವವರನ್ನು ಹಿಡೀರಿ, ಬೈಕ್ ಕಿತ್ತುಕೊಳ್ಳಿ, ನಾನೂ ಬಂದು ಸಾಕ್ಷಿ ಹೇಳ್ತೆ. ನಿಂತ ಲಾರಿಗಳ ನಡುವೆ ನಡೆದಷ್ಟೇ ನಿಧಾನ ಹೋಗುವವರನ್ನು ಯಾಕೆ ಹಿಡೀತ್ರಿ? ಘಾಟಿ ಬಂದ್ ಆದ ದಿನ ಈ ಕಡೆಯಿಂದ ಆಸ್ಪತ್ರೆಗೆ ಮತ್ತೊಂದು ದಾರಿ ತೋರಿಸಿ, ನಾಳೆಯಿಂದ ನಾನು ಬೈಕ್ ಮುಟ್ಟೂದಿಲ್ಲ. ತೋರಿಸ್ಲಿಕ್ಕೆ ಆಗೂದಿಲ್ವಾ? ಹಾಗಾದ್ರೆ ಆ ಜಾಗ ಬಿಡಿ. ಅದನ್ನು ಕಾಯೂಕೆ ಒಬ್ಬ ಪೊಲೀಸನ್ನ ನಿಲ್ಲಿಸಿ."

ಮಾವ ಕೂತಲ್ಲಿಂದಲೇ ಅಂದರು, "ಪೊಲೀಸ್ ಹೋದ ಮೇಲೆ?"

"ಆಗ ನಮ್ಮ ಬುದ್ಧಿ, ಮಾವ."

"ಬುದ್ಧಿ ಮೇಲೆ ನಂಬಿಕೆ ಇದ್ರೆ ನಾ ಎಂತಕ್ಕೆ ಇಲ್ಲಿಗೆ ಬರ್ತಿದ್ದೆ?"

ಸಭೆ ನಕ್ಕಿತು. ನಾವಿಬ್ಬರೂ ನಗಲಿಲ್ಲ. ಅಧಿಕಾರಿಗಳು ಪರಿಶೀಲಿಸುತ್ತೇವೆ ಎಂದರು. ಕೆಲವು ತಿಂಗಳು ಘಾಟಿಯಲ್ಲಿ ಪೊಲೀಸರು ನಿಂತರು; ಸಾಲು ನಿಂತಾಗ ಬೈಕುಗಳನ್ನು ಒಂದರ ಹಿಂದೆ ಒಂದು ಬಿಟ್ಟರು, ಹೊರಟಾಗ ತಡೆದರು. ಆಮೇಲೆ ಅವರೂ ಕಾಣಲಿಲ್ಲ. ಕಾನೂನು ಆ ಕಡೆಗೂ ಆಗಲಿಲ್ಲ, ಈ ಕಡೆಗೂ ಆಗಲಿಲ್ಲ. ಮಾವ ತೀರಿಕೊಳ್ಳುವ ತನಕ ನನ್ನ ಮಾತು ಒಪ್ಪಲಿಲ್ಲ. ನಾನೂ ಅವರದ್ದನ್ನು ಒಪ್ಪಲಿಲ್ಲ. ನಾನು ಹೇಳಿದ್ದನ್ನು ಇವತ್ತಿಗೂ ಹೇಳುತ್ತೇನೆ.

ಮತ್ತೆ ಬೈಕು ಹತ್ತಲು ಒಂದು ವರ್ಷದ ಮೇಲಾಯಿತು. ಅದೇ ಮರಳಿನ ಮೇಲೆ, ಮೊದಲಿನಿಂದ. ಗಂಡ ಹಿಂದೆ ಓಡಿ ಬರುತ್ತಿದ್ದರು. ಬ್ರೇಕಿನ ಕಾಲು ಒಪ್ಪಿತು, ಗೇರಿನ ಕಾಲು ತಿಂಗಳುಗಟ್ಟಲೆ ಸತಾಯಿಸಿತು. ಎಡ ಪಾದದ ಎರಡು ಬೆರಳಿಗೆ ಇಂದಿಗೂ ಸ್ಪರ್ಶವಿಲ್ಲ. ಅದರ ಜೊತೆ ಬದುಕಲು ಕಲಿತಿದ್ದೇನೆ, ಹಟಮಾರಿ ಮಗುವಿನ ಜೊತೆ ಬದುಕುವ ಹಾಗೆ. ನಿಮಗೂ ಎಲ್ಲ ವಾಪಸು ಬರುತ್ತದೆ ಎಂದು ನಾನು ಹೇಳುವುದಿಲ್ಲ. ಬಂದಷ್ಟರಲ್ಲಿ ಏನು ಮಾಡುತ್ತೀರಿ ಅನ್ನುವುದನ್ನು ಬೇರೆಯವರು ತೀರ್ಮಾನ ಮಾಡದಿರಲಿ, ಅಷ್ಟೇ.

ಕೊನೆಯ ತಪಾಸಣೆಗೆ ಗೋವಾಕ್ಕೆ ಹೋದಾಗ ಹೊರಗಿನ ಬೆಂಚಿನಲ್ಲಿ ಬಹಳ ಹೊತ್ತು ಕಾದೆವು. ಡಾಕ್ಟರು ನನ್ನ ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು, ಅಂಗಾಲು ಗೀರಿದರು, ತಮ್ಮ ಬೆರಳು ಹಿಡಿದು ಎಳೆಯಿರಿ ಎಂದರು. ಎಳೆದೆ. ಅವರ ಕೈ ಮುಂದಕ್ಕೆ ಬಂತು.

"ಚೆನ್ನಾಗಿದೆ," ಎಂದರು. "ದೂರದ ದಾರಿ. ಬಸ್ಸಿನಲ್ಲಿ ಬಂದಿರಾ?"

"ಬೈಕಿನಲ್ಲಿ."

ಅವರು ಗಂಡನ ಕಡೆ ತಿರುಗಿ ಹುಬ್ಬು ಗಂಟಿಕ್ಕಿದರು. "ಇಷ್ಟು ದೂರ ಇವರನ್ನ ಹಿಂದೆ ಕೂರಿಸಿಕೊಂಡು ಬಂದಿರಾ?"

"ನಾನಲ್ಲ ಡಾಕ್ಟ್ರೆ," ಎಂದರು ಗಂಡ. "ನಾ ಹಿಂದೆ ಕೂತಿದ್ದೆ."